ಕಾಲು ಕಿಲೋ ಅಂಟು

ಶಿವಸಂಗಪ್ಪನಿಗೆ ಆ ಭಾನುವಾರ ಬಂದ ಫಜೀತಿಗೆಲ್ಲ ಕಾರಣ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಮಗಳು ಗೀತಾಂಜಲಿ ಅದನ್ನು ಶಾಲೆಯ ಮುಂದಿನ ಅಂಗಡಿಯಿಂದ ತಂದಿದ್ದಳು. ಒಳಗೆ ನೀಲಿ ಬಣ್ಣದ, ಹಿಡಿದರೆ ಜಾರುವ, ಬಿಟ್ಟರೆ ಜೋತುಬೀಳುವ ಸ್ಲೈಮ್ ಎಂಬ ಪದಾರ್ಥ. ಎರಡು ದಿನ ಆಡುವುದರೊಳಗೆ ಹುಡುಗಿಯ ಬೆರಳ ಸಂದಿಯಲ್ಲಿ ಕೆಂಪು ಗುಳ್ಳೆಗಳೆದ್ದವು. ತಾಯಿ ಮಾದೇವಿ ಡಬ್ಬಿಯನ್ನು ಮೂಗಿಗೆ ಹಿಡಿದಳು, ಸೀಮೆಎಣ್ಣೆಯ ಹಾಗೆ ನಾರಿತು, ಎತ್ತಿ ಕಸದ ಬುಟ್ಟಿಗೆ ಒಗೆದಳು. ಗೀತಾಂಜಲಿ ಅತ್ತ ಅಳುವಿಗೆ ಪಕ್ಕದ ಮನೆಯ ಶಹನಾಜಳ ಹೊಲಿಗೆ ಯಂತ್ರ ನಿಂತುಹೋಯಿತು.

ಮಗಳು ಅತ್ತರೆ ಶಿವಸಂಗಪ್ಪನ ಬುದ್ಧಿ ಕೆಲಸ ಮಾಡುವುದಿಲ್ಲ. ಒಬ್ಬಳೇ ಮಗಳು, ಒಂಬತ್ತು ವರ್ಷದವಳು. ಅವಳ ಬೆನ್ನಿಗೆ ಇನ್ನೊಂದು ಕೂಸಾಗಲೆಂದು ಗಂಡ ಹೆಂಡತಿ ಹೊರದ ಹರಕೆಯಿಲ್ಲ, ಹತ್ತದ ದವಾಖಾನೆಯಿಲ್ಲ. ಕೊನೆಗೊಂದು ದಿನ ಮಾದೇವಿಯೇ, ಇನ್ನು ಸಾಕು, ಇದ್ದವಳನ್ನು ಚೆಂದಾಗಿ ಬೆಳೆಸೋಣ ಅಂದಳು. ಆಮೇಲೆ ಆ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಓಣಿಯವರೂ ಎತ್ತಲಿಲ್ಲ. ಇಂಥ ಮಗಳ ಕಣ್ಣೀರು ಒರೆಸುವ ಭರದಲ್ಲಿ ಶಿವಸಂಗಪ್ಪ, ನಾನೇ ಮನೆಯಲ್ಲಿ ಸ್ಲೈಮ್ ಮಾಡಿಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟ.

ಭಾನುವಾರ ಮುಂಜಾನೆ ಮಾದೇವಿ ಕೆರೂರಿಗೆ ಹೊರಟಳು. ಅಲ್ಲಿಗೆ ಕೊಟ್ಟ ಅವಳ ತಂಗಿ ಪ್ರೀತಿಗೆ ಒಂಬತ್ತು ತಿಂಗಳ ಕುಬಸ, ಅಂದರೆ ಸೀಮಂತ. ತಾಯಿ ತೀರಿಕೊಂಡ ಮೇಲೆ ಆ ತಂಗಿಗೆ ಮಾದೇವಿಯೇ ತಾಯಿ, ಹಾಗಾಗಿ ತವರಿನ ಉಡಿ ಅಕ್ಕನೇ ತುಂಬಬೇಕು. ಗಂಡ ತನ್ನ ಮಗ್ಗದಲ್ಲೇ ನೇಯ್ದ ಹಸಿರು ಇಳಕಲ್ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು, ಹೊಸ್ತಿಲಲ್ಲಿ ನಿಂತು ಒಂದೇ ಒಂದು ಮಾತು ಹೇಳಿದಳು.

“ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಹುಡುಗ್ರು ಬಾಯಾಗ ಹಾಕ್ಕೊಂಡ್ರೂ ಏನೂ ಆಗಬಾರದು. ಅಂಥಾದ್ರಾಗ ಮಾಡ್ರಿ.”

ಅವಳ ಬಸ್ಸು ಹೋದ ಮೇಲೆ ಗೀತಾಂಜಲಿಯೂ ಶಹನಾಜಳ ಮಗ ತೌಸಿಫನೂ ಶಿವಸಂಗಪ್ಪನ ಎಡಬಲಕ್ಕೆ ಕುಳಿತು ಮೊಬೈಲಿನಲ್ಲಿ ವಿಡಿಯೋ ಹಚ್ಚಿದರು. ಅದರಲ್ಲಿ ಉಗುರಿಗೆಲ್ಲ ಬಣ್ಣ ಹಚ್ಚಿಕೊಂಡ ಹೆಣ್ಣುಮಗಳೊಬ್ಬಳು ಒಂದು ಬಾಟಲಿ ಬಿಳಿ ಅಂಟನ್ನು ಬೋಗುಣಿಗೆ ಸುರಿದಳು. ಅದಕ್ಕೊಂದು ಪುಡಿ ಹಾಕಿದಳು. ಆ ಪುಡಿ ಸಾಬೂನಿನ ಕಾರ್ಖಾನೆಯಲ್ಲಿ ಬಳಸುವಂಥದ್ದೆಂದೂ ಹೊಟ್ಟೆಗೆ ಹೋಗಬಾರದೆಂದೂ ತೌಸಿಫ ಕೆಳಗಿದ್ದದ್ದನ್ನು ಓದಿ ಹೇಳಿದ. ಮಾದೇವಿಯ ಮಾತಿನ ಪ್ರಕಾರ ಪುಡಿಯೂ ಆಗದು, ಬಿಳಿ ಅಂಟೂ ಆಗದು. ಮಕ್ಕಳ ಮುಖ ಬಾಡಿತು.

ಶಿವಸಂಗಪ್ಪ ಮಾತ್ರ ನಕ್ಕ. ಮೀಸೆ ಮೂಡಿದಂದಿನಿಂದ ನೂಲಿಗೆ ಗಂಜಿ ಹಾಕಿದವನು ತಾನು, ತನಗೆ ಅಂಟಿನ ಪಾಠವನ್ನು ಮೊಬೈಲು ಹೇಳಬೇಕೇ? ತಿನ್ನುವ ಅಂಟು ಎಂಬುದೊಂದು ಲೋಕದಲ್ಲಿ ಇಲ್ಲವೇ? ಮರದಿಂದ ಇಳಿದು ಕಲ್ಲುಸಕ್ಕರೆಯ ಹಾಗೆ ಗಟ್ಟಿಯಾಗುವ ಅಂಟು. ತುಪ್ಪದಲ್ಲಿ ಕರಿದು ಬೆಲ್ಲ, ಕೊಬ್ಬರಿ, ಉತ್ತತ್ತಿ ಕೂಡಿಸಿ ಬಾಣಂತಿಗೆ ಉಂಡಿ ಕಟ್ಟುವುದು ಅದರಿಂದಲೇ. ಬಾಣಂತಿಗೆ ಆಗುವುದು ಮಕ್ಕಳಿಗೆ ಆಗದೆ ಏನು? ತನ್ನ ಬುದ್ಧಿಗೆ ತಾನೇ ಮೆಚ್ಚಿ ಅವನು ಚಪ್ಪಲಿ ಮೆಟ್ಟಿಕೊಂಡು ಗುರಲಿಂಗಪ್ಪನ ಕಿರಾಣಿ ಅಂಗಡಿಗೆ ಹೋದ.

“ಕಾಲ್ ಕಿಲೋ ಅಂಟು ಕೊಡ್ರಿ.”

ಗುರಲಿಂಗಪ್ಪ ತಕ್ಕಡಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ. “ಅಂಟು? ಯಾರಿಗ್ರಿ?”

“ಮನಿಗೇ ಬೇಕಾಗೈತ್ರಿ, ಹುಡುಗ್ರ ಸಲುವಾಗಿ.”

“ಮಾದೇವಕ್ಕ ಮುಂಜಾನಿಂದ ಕಾಣ್ಲಿಲ್ಲಲ್ರಿ.”

“ಕುಬಸಕ್ಕ ಹೋಗ್ಯಾಳ್ರಿ, ಕೆರೂರಿಗೆ.”

ಗುರಲಿಂಗಪ್ಪನ ಮುಖ ನಿಧಾನವಾಗಿ ಅರಳಿತು. ಏಳೋ ಒಂಬತ್ತೋ ತಿಂಗಳಿಗೆ ಊರಿಗೆಲ್ಲ ಹೇಳಿ ಮಾಡುವ ಕುಬಸ ಒಂದು. ಅದಕ್ಕೂ ಮೊದಲು, ಹೊಟ್ಟೆ ಕಾಣುವ ಮುನ್ನ, ಕಣ್ಣು ತಾಗೀತೆಂದು ತವರಿನವರು ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಮಾಡುವುದು ಇನ್ನೊಂದು. ಅದಕ್ಕೆ ಕಳ್ಳ ಕುಬಸ ಎಂದೇ ಹೆಸರು. ನಿನ್ನೆ ಸಂಜೆಯ ತನಕ ಮಾದೇವಿಯ ಹೊಟ್ಟೆ ಕಂಡಿರಲಿಲ್ಲ. ಅಂದ ಮೇಲೆ ಇದು ಯಾವ ಕುಬಸವೆಂದು ಗುರಲಿಂಗಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಈ ಗಂಡ ನೋಡು, ಈಗಲೇ ಬಾಣಂತನದ ಅಂಟು ಕಟ್ಟಿಸುತ್ತಿದ್ದಾನೆ! ಒಂಬತ್ತು ವರ್ಷ ಕಾದವನಿಗೆ ಇಷ್ಟು ಆತುರ ಇರಬೇಕಾದ್ದೇ. ಗುರಲಿಂಗಪ್ಪ ಅಂಟಿನ ಜೊತೆಗೆ ಒಂದು ಬೊಗಸೆ ಉತ್ತತ್ತಿಯನ್ನು ಪುಕ್ಕಟೆಯಾಗಿ ಪೊಟ್ಟಣ ಕಟ್ಟಿ, ಒಳ್ಳೇದಾಗ್ಲಿ ಅಂದ. ಸ್ಲೈಮಿಗೆ ಉತ್ತತ್ತಿ ಯಾಕೆಂದು ಶಿವಸಂಗಪ್ಪನಿಗೆ ತಿಳಿಯಲಿಲ್ಲ. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ತಂದು ಮಕ್ಕಳಿಗೆ ಹಂಚಿದ.

ಅಂಟನ್ನು ಕುಟ್ಟಿ ಬಿಸಿನೀರಿಗೆ ಹಾಕಿದರು. ಅದು ಕರಗಿತು, ಕರಗಿ ಅಂಟಿತು, ಆದರೆ ಹಿಗ್ಗಲಿಲ್ಲ. ಬೋಗುಣಿಗೆ ತೌಸಿಫನ ಕೈ ಹತ್ತಿತು, ಅದನ್ನು ಬಿಡಿಸಲು ಹೋದ ಗೀತಾಂಜಲಿಯ ಕೈ ಹತ್ತಿತು, ಇಬ್ಬರನ್ನೂ ಬಿಡಿಸಲು ಹೋದ ಶಿವಸಂಗಪ್ಪನಿಗೆ ಎರಡೂ ಕೈ ಹತ್ತಿದವು. ಮಕ್ಕಳಿಗೆ ನಗು ತಡೆಯಲಿಲ್ಲ. ಅಷ್ಟರಲ್ಲಿ ಎದುರುಮನೆಯ ಶಿವಲಿಂಗವ್ವ ಒಂದು ಡಬ್ಬಿ ಹಿಡಿದು ಬಂದಳು. ಹಿರಿಯ ಜೀವ ಬಂದಿತೆಂದು ಶಿವಸಂಗಪ್ಪ ಬೋಗುಣಿಯಿಂದ ಕೈ ಕಿತ್ತುಕೊಂಡು ಮುಗಿದ. ಮುಗಿದ ಕೈ ಹಾಗೆಯೇ ಹತ್ತಿಕೊಂಡವು. ಎಷ್ಟು ಹೊತ್ತಾದರೂ ಇಳಿಸದ ಆ ಕೈಗಳನ್ನು ಕಂಡು ಮುದುಕಿಯ ಮನಸ್ಸು ತುಂಬಿತು.

“ಸುದ್ದಿ ತಿಳೀತಪಾ ತಮ್ಮಾ. ಅಳವಿ ತಂದೇನಿ. ನೀರಾಗ ನೆನಿ ಹಾಕು, ಚಲೋತ್ನ್ಯಾಗ ಲೋಳಿ ಬಿಡತೈತಿ.”

ಅಳವಿ ಎಂದರೆ ಸಾಸಿವೆಗಿಂತ ತುಸು ಉದ್ದನೆಯ ಕೆಂಪು ಕಾಳು. ಬಾಣಂತಿಗೆ ಪಾಯಸ ಮಾಡುವುದು ಅದರಿಂದ. ಆದರೆ ಶಿವಸಂಗಪ್ಪನ ಕಿವಿಗೆ ಬಿದ್ದದ್ದು ಲೋಳೆ ಎಂಬ ಮಾತೊಂದೇ. ಸ್ಲೈಮಿನ ಸುದ್ದಿ ಓಣಿಗೆ ತಿಳಿದಿದೆ, ಪಾಪ, ಈ ವಯಸ್ಸಿನಲ್ಲೂ ಮಕ್ಕಳ ಆಟಕ್ಕೆಂದು ಹುಡುಕಿ ತಂದಿದ್ದಾಳೆ ಎಂದು ಅವನಿಗೆ ಕಣ್ಣಲ್ಲಿ ನೀರಾಡಿತು. ನಿಮ್ಮ ಉಪಕಾರ ಮರೆಯುವುದಿಲ್ಲ, ಮಗಳು ಭಾಳ ಆಸೆ ಮಾಡಿದ್ದಳು ಅಂದ. ಮಗಳಿಗೂ ತಮ್ಮ ಬೇಕೆಂಬ ಆಸೆ ಇರುವುದಿಲ್ಲವೇ ಎಂದುಕೊಂಡಳು ಶಿವಲಿಂಗವ್ವ. ತನ್ನ ಮಗಳ ಬಾಣಂತನದಲ್ಲಿ ತನಗೆ ಸೊಂಟ ಹಿಡಿದು ಬಿದ್ದಾಗ ದಿನವೂ ಬಂದು ಬಾಣಂತಿಗೆ ನೀರೆರೆದು ಹೋದವಳು ಮಾದೇವಿಯೇ ಅಲ್ಲವೇ, ಅದರ ಮುಂದೆ ಈ ಅಳವಿ ಎಷ್ಟರದು ಎಂದು ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು. ಹೆಂಡತಿ ಯಾರದೋ ಮಗಳಿಗೆ ಎರೆದ ಸಂಗತಿಗೂ ಸ್ಲೈಮಿಗೂ ಏನು ಸಂಬಂಧವೆಂದು ಶಿವಸಂಗಪ್ಪ ಕೇಳಲಿಲ್ಲ. ಕೈ ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿದ್ದ.

ಅಳವಿ ಮಾತ್ರ ಮುದುಕಿ ಹೇಳಿದಂತೆಯೇ ನಡೆಯಿತು. ಸ್ವಲ್ಪ ಹೊತ್ತಿನಲ್ಲಿ ಕಾಳು ಕಾಳಿಗೂ ಲೋಳೆ ಬಂದು ಬೋಗುಣಿಯೆಲ್ಲ ಒಂದೇ ಮುದ್ದೆಯಾಯಿತು. ಇದಕ್ಕೆ ಸ್ವಲ್ಪ ಕಾರ್ನ್ ಫ್ಲೋರ್ ಹಾಕಿ ನಾದಿದರೆ ಹಿಗ್ಗುತ್ತದೆಂದು ಮೊಬೈಲು ಹೇಳಿತು. ಗೋಬಿ ಮಂಚೂರಿಗೆಂದು ತನ್ನ ತಾಯಿ ಅದನ್ನು ತಂದಿಟ್ಟಿದ್ದಾಳೆಂದು ತೌಸಿಫ ಓಡಿದ. ಬರುವಾಗ ಶಹನಾಜಳೇ ಬಂದಳು. ಒಂದು ಕೈಯಲ್ಲಿ ಹಿಟ್ಟಿನ ಪೊಟ್ಟಣ, ಇನ್ನೊಂದು ಕೈಯಲ್ಲಿ ಬಣ್ಣದ ಚೂರು ಸೇರಿಸಿ ಹೊಲಿದ ಒಂದು ಕುಂಚಿಗೆ. ಎಳೆಗೂಸಿಗೆ ತಲೆಯಿಂದ ಬೆನ್ನಿನ ತನಕ ಹೊದಿಸುವ ಅಂಗಿ ಅದು.

“ಅಣ್ಣಾ, ಇವ ಹುಟ್ಟಿದಾಗ ನನಗ ಜ್ವರ ಬಂದು ಹಾಸಿಗಿ ಹಿಡದಿದ್ನಿ. ಇವನ್ನ ಎದಿಮ್ಯಾಲೆ ಹಾಕ್ಕೊಂಡು ಉಳಿಸಿದಾಕಿ ಅಕ್ಕ. ಇದು ಇವಂದು, ಜ್ವಾಕಿ ಮಾಡಿ ಇಟ್ಟಿದ್ನಿ. ಇನ್ನ ನಿಮ್ಮ ಮನ್ಯಾಗ ಇರ್ಲಿ.”

ಸ್ಲೈಮು ಕೂದಲಿಗೆ ಹತ್ತಬಾರದೆಂದು ತಲೆಗೆ ಕಟ್ಟಲು ಕೊಟ್ಟಿದ್ದಾಳೆಂದು ಶಿವಸಂಗಪ್ಪ ತಿಳಿದ. ಅವಳು ಹೋದ ಮೇಲೆ ತೌಸಿಫನಿಗೆ ತೊಡಿಸಿಯೂ ನೋಡಿದ. ಅದು ಅವನ ನೆತ್ತಿಯ ಮೇಲೆ ಡಬ್ಬಿಯ ಮುಚ್ಚಳದ ಹಾಗೆ ಕುಳಿತಿತು. ತನ್ನ ಮಾದೇವಿ ಈ ಓಣಿಯಲ್ಲಿ ಇಷ್ಟೆಲ್ಲ ಮಾಡಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಎಲ್ಲಿ ಹೋಗಿದ್ದೀ ಎಂದು ಕೇಳಿದರೆ, ಇಲ್ಲೇ ಹೋಗಿದ್ದೆ ಅನ್ನುವುದಷ್ಟೇ ಅವಳ ಉತ್ತರ. ಅಂಥವಳು ತನ್ನ ಮನೆಗೆ ಬಂದದ್ದಕ್ಕೆ ಅವನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದ. ಈ ಸಲ ನಿಜವಾದ ಕೈ ಮುಗಿಯುವ ಧೈರ್ಯ ಮಾಡಲಿಲ್ಲ.

ಹಿಟ್ಟು ಹಾಕಿ ನಾದಿದರು, ಬಣ್ಣಕ್ಕೆ ಗಜ್ಜರಿ ಹಿಂಡಿ, ಕೆಂಪು ಸಾಲದೆಂದು ಬೀಟರೂಟನ್ನೂ ಹಿಂಡಿದರು. ಗೀತಾಂಜಲಿ ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಅದು ಹಿಗ್ಗಿತು, ಮೊಳದುದ್ದ ಹಿಗ್ಗಿ ನಡುವೆ ಉಯ್ಯಾಲೆಯ ಹಾಗೆ ತೂಗಿತು. ತೌಸಿಫ ನಾಲಿಗೆಯ ತುದಿಗೆ ಹಚ್ಚಿ ನೋಡಿ, ಸಪ್ಪಗಿದೆ ಎಂದ. ಏನೂ ಆಗಲಿಲ್ಲ. ಶಿವಸಂಗಪ್ಪ ಎದೆಯುಬ್ಬಿಸಿ, ನಿಮ್ಮವ್ವ ಬರಲಿ, ತೋರಿಸೋಣ ಅನ್ನುವಷ್ಟರಲ್ಲಿ ಬಾಗಿಲಿಗೆ ಏನೋ ಢಣ್ಣನೆ ಬಡಿಯಿತು.

ಓಣಿಯ ತುದಿಯ ಮನೆಯ ಚಂದಪ್ಪ ತಲೆಯ ಮೇಲೆ ಮರದ ತೊಟ್ಟಿಲು ಹೊತ್ತು ನಿಂತಿದ್ದ. ಗ್ರಾನೈಟು ಪಾಲಿಶ್ ಮಾಡುವ ಕೆಲಸಕ್ಕೆ ಬೆಳಗಾಗುವ ಮೊದಲು ಹೋಗಿ ಕತ್ತಲಾದ ಮೇಲೆ ಬರುವ ಅವನಿಗೆ ಯಾರ ಹೊಟ್ಟೆ ಯಾವಾಗ ಬಂತೆಂಬುದು ತಿಳಿಯದು. ಅಂಗಡಿಯಿಂದ ಹೊರಟಾಗ ಮೂರು ತಿಂಗಳದಾಗಿದ್ದ ಸುದ್ದಿ ಮನೆಯಿಂದ ಮನೆಗೆ ಒಂದೊಂದು ತಿಂಗಳು ಬೆಳೆದು, ಅವನ ಮನೆ ಮುಟ್ಟುವ ಹೊತ್ತಿಗೆ ಹೆರಿಗೆಯೇ ಆಗಿಹೋಗಿತ್ತು.

“ಗಂಡೋ ಹೆಣ್ಣೋ, ಸಂಗಣ್ಣಾ?” ಎಂದು ಕೇಳಿದ ಚಂದಪ್ಪ.

ಓಣಿ ಎಷ್ಟೇ ಉದಾರವಾದರೂ ಸ್ಲೈಮನ್ನು ತೊಟ್ಟಿಲಲ್ಲಿ ಹಾಕಿ ತೂಗುವುದಿಲ್ಲ. ಶಿವಸಂಗಪ್ಪನ ಕಣ್ಣ ಮುಂದೆ ಅಂಟು, ಉತ್ತತ್ತಿ, ಅಳವಿ, ಕುಂಚಿಗೆ ಎಲ್ಲ ಒಂದೊಂದಾಗಿ ಬಂದು ಸಾಲುಹಚ್ಚಿ ನಿಂತವು. ಅವನು ಬಾಯಿ ತೆರೆಯುವುದರೊಳಗೆ ಚಂದಪ್ಪ ತೊಟ್ಟಿಲಿಳಿಸಿ, ತನ್ನ ಹೆಂಡತಿಗೆ ಬೇನೆ ಬಂದಾಗ ತಾನು ಕೆಲಸದ ಮೇಲಿದ್ದೆ, ಮಾದೇವಕ್ಕನೇ ರಿಕ್ಷಾ ಮಾಡಿಸಿ ದವಾಖಾನೆಗೆ ಒಯ್ದು ಕೈ ಹಿಡಿದು ಕುಳಿತಿದ್ದಳು, ಆ ಕೈಯಿಂದಲೇ ತನ್ನ ಸಂಸಾರ ಉಳಿಯಿತು ಎಂದು ಹೇಳಿ, ತಿರುಗಿ ನೋಡದೆ ಹೋಗಿಬಿಟ್ಟ.

ಶಿವಸಂಗಪ್ಪ ತೊಟ್ಟಿಲ ಪಕ್ಕದಲ್ಲಿ ಕುಳಿತ. ತನಗೆ ನಾಚಿಕೆಯಾದರೆ ಆಗಲಿ. ಆದರೆ ಸಂಜೆ ಬಸ್ಸಿಳಿದು ಬರುವ ಮಾದೇವಿಯ ಹೊಟ್ಟೆಯ ಮೇಲೆ ಯಾರೋ ಕೈಯಿಟ್ಟು, ಎಷ್ಟು ತಿಂಗಳವ್ವಾ ಎಂದು ಕೇಳಿದರೆ? ನುಂಗಿ ಸುಮ್ಮನಾದ ದುಃಖವನ್ನು ಅವಳು ನಡುಓಣಿಯಲ್ಲಿ ನಿಂತು ಮತ್ತೆ ನುಂಗಬೇಕು. ಅದಾಗಬಾರದು. ಬಸ್ಸು ಬರುವುದರೊಳಗೆ ಈ ಸುದ್ದಿ ಸಾಯಬೇಕು.

ಮೊದಲು ತೊಟ್ಟಿಲನ್ನು ದಾಟಿಸಬೇಕೆಂದು ತಲೆಯ ಮೇಲೆ ಹೊತ್ತು ಹೊರಟ. ಅದೇ ತಪ್ಪಾಯಿತು. ಓಣಿಯಲ್ಲಿ ಯಾರೋ ಗಂಜಿ ಹಾಕಲು ಉದ್ದಕ್ಕೆ ನೂಲಿನ ಹಾಸು ಹಿಡಿದಿದ್ದರು. ತೊಟ್ಟಿಲು ಹೊತ್ತವನನ್ನು ಕಂಡು, ಕೆಲಸ ನಿಲ್ಲಿಸಿ, ಹಾಸನ್ನು ಎತ್ತಿ ಹಿಡಿದು ಅವನಿಗೆ ದಾರಿ ಬಿಟ್ಟರು. ಪೇಢೆ ಯಾವಾಗ ಎಂದು ಕೇಳಿದರು. ಅಂಥದ್ದೇನೂ ಇಲ್ಲ ಎಂದು ಅವನು ಒಬ್ಬೊಬ್ಬರಿಗೂ ಹೇಳಿದ. ತಲೆಯ ಮೇಲೆ ತೊಟ್ಟಿಲು ಹೊತ್ತವನು ಹಾಗೆಂದರೆ ಯಾರು ನಂಬುತ್ತಾರೆ? ಚಂದಪ್ಪನ ಹೆಂಡತಿ, ಹಾಗಾದರೆ ಇನ್ನೂ ಹೆರಿಗೆಯಾಗಿಲ್ಲವೇ, ಕೂಸು ಹುಟ್ಟುವ ಮೊದಲೇ ತೊಟ್ಟಿಲು ಮನೆಗೆ ತರಬಾರದು, ನೀವು ತಿರುಗಿ ತಂದದ್ದೇ ಶಾಣ್ಯಾತನವಾಯಿತು, ಆಮೇಲೆ ಒಯ್ಯಿರಿ ಎಂದಳು. ಶಿವಲಿಂಗವ್ವನಂತೂ ಅವನ ಬೆನ್ನು ಸವರಿದಳು.

“ಕಳ್ಳ ಕುಬಸ ಮಾಡ್ಕೊಂಡವ್ರು ಹಂಗ ಅನ್ನಬೇಕು ತಮ್ಮಾ. ಇಲ್ಲ ಇಲ್ಲ ಅಂದಷ್ಟು ಕೂಸು ಗಟ್ಟಿ ಆಗತೈತಿ.”

ಬಾಯಿಮಾತಿನಿಂದ ಆಗುವ ಕೆಲಸವಲ್ಲ ಎಂದು ಶಿವಸಂಗಪ್ಪನಿಗೆ ಆಗ ತಿಳಿಯಿತು. ಅವನು ಮಕ್ಕಳಿಬ್ಬರನ್ನೂ ಬೋಗುಣಿ ಸಮೇತ ಗುರಲಿಂಗಪ್ಪನ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಬಂದವರೆಲ್ಲ ಸೇರಿದ ಮೇಲೆ ಮಗಳಿಗೆ ಜಗ್ಗಿ ತೋರಿಸಲು ಹೇಳಿದ. ಗೀತಾಂಜಲಿ ಜಗ್ಗಿದಳು. ಶಿವಲಿಂಗವ್ವ ಬಗ್ಗಿ ನೋಡಿ ತನ್ನ ಅಳವಿಯ ಗುರುತು ಹಿಡಿದಳು. ಶಹನಾಜಳಿಗೆ ಹಿಟ್ಟಿನ ಗುರುತಾಯಿತು. ಕುಬಸ ನಾದಿನಿ ಪ್ರೀತಿಯದು, ಅಂಟು ತಂದದ್ದು ಆಟಿಕೆಗೆ, ಹುಡುಗರ ಸಲುವಾಗಿ ಅಂದದ್ದು ಈ ಹುಡುಗರ ಸಲುವಾಗಿ ಎಂದು ಅವನು ಬಿಡಿಸಿ ಬಿಡಿಸಿ ಹೇಳಿದ. ಯಾರೂ ನಗಲಿಲ್ಲ. ಅವರು ತಂದದ್ದು ಸಾಮಾನಲ್ಲ, ಸಂತೋಷ. ಅದನ್ನು ಏನು ಮಾಡಬೇಕೆಂದು ತಿಳಿಯದೆ ನಿಂತರು.

“ನೀವೆಲ್ಲಾ ಆಕಿನ್ನ ಎಷ್ಟು ಹಚ್ಕೊಂಡೀರಿ ಅಂತ ಇವತ್ತ ಗೊತ್ತಾತು,” ಎಂದ ಶಿವಸಂಗಪ್ಪ. “ನಿಮ್ಮ ಕಾಲಿಗೆ ಬೀಳ್ತೇನಿ. ಆಕಿ ಕಿವಿಗೆ ಮಾತ್ರ ಇದು ಬೀಳಬಾರದು.”

ಶಿವಲಿಂಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, “ಆಕಿಗೆ ನೋವಾಗೋ ಮಾತು ಈ ಓಣ್ಯಾಗ ಯಾರ ಬಾಯಾಗೂ ಬರಂಗಿಲ್ಲ. ನೀ ಮನಿಗೆ ಹೋಗು,” ಎಂದಳು. ಮಾದೇವಿಯ ಕಣ್ಣಿಗೆ ಬೀಳಬಾರದೆಂದು ಶಹನಾಜ ಕುಂಚಿಗೆಯನ್ನು ಮಡಿಚಿ ಒಯ್ದಳು. ಉಳಿದ ಅಳವಿಯ ಡಬ್ಬಿ ಎದುರುಮನೆಗೆ ಹೋಯಿತು. ಮನೆ ಮೊದಲಿನಂತಾಯಿತು. ಶಿವಸಂಗಪ್ಪ ನೆಲ ಒರೆಸಿ, ಮಕ್ಕಳ ಕೈ ತೊಳೆಸಿ, ಇಂಥ ಓಣಿ ಕೊಟ್ಟ ಭಗವಂತನನ್ನು ನೆನೆಯುತ್ತ ಕಟ್ಟೆಯ ಮೇಲೆ ಕುಳಿತ.

ಸಂಜೆ ಮಾದೇವಿ ಬಂದಳು. ಮಾತು ಕೊಟ್ಟ ಓಣಿ ಮಾತಿಗಿಂತ ಹೆಚ್ಚಿಗೇ ನಡೆದುಕೊಂಡಿತು. ಬಂದೆಯೇನವ್ವಾ ಎಂದು ಕೂಡ ಯಾರೂ ಅನ್ನಲಿಲ್ಲ. ಬಾಗಿಲಲ್ಲಿದ್ದವರು ಒಳಗೆ ಹೋದರು, ಒಳಗಿದ್ದವರು ದೀಪ ಆರಿಸಿದರು.

“ಮಂದಿಗೆ ಏನಾಗೈತ್ರಿ?” ಎಂದಳು ಮಾದೇವಿ ಚೀಲ ಇಳಿಸುತ್ತ. “ಶಿವಲಿಂಗವ್ವ ನನ್ನ ಹೊಟ್ಟಿ ನೋಡಿ ಮಾರಿ ತಿರುವಿದ್ಲು.”

ಸೆಕೆ ಇರಬೇಕು ಎಂದ ಶಿವಸಂಗಪ್ಪ. ಮಾದೇವಿ ಅದನ್ನು ಕೇಳಿಸಿಕೊಳ್ಳಲೂ ಇಲ್ಲ. ಅವಳ ಮುಖ ಬೆಳಗುತ್ತಿತ್ತು. ಆರತಿಗೆಂದು ತಂಗಿಯನ್ನು ಮಣೆಯ ಮೇಲೆ ಕೂರಿಸಿದ್ದರಂತೆ. ಹಸಿರು ಸೀರೆಯ ನಿರಿಗೆ ಸರಿಮಾಡುವಾಗಲೇ, ಅಕ್ಕಾ ಬೇನೆ ಅಂದಳಂತೆ. ದವಾಖಾನೆ ಹತ್ತಿರವೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಕೂಸು, ತಾಯಿ ಮಗಳು ಇಬ್ಬರೂ ಆರಾಮ.

“ಅವ್ವ ಇದ್ದಿದ್ರ ತವರುಮನಿಗೆ ಒಯ್ತಿದ್ಲು. ಈಗ ನಾನ ಅವ್ವ. ಬಾಣಂತನ ನಮ್ಮ ಮನ್ಯಾಗ ಅಂತ ಹೇಳಿ ಬಂದೇನಿ.” ಅವಳ ದನಿ ಸಣ್ಣಗಾಯಿತು. “ನಮ್ಮ ಮನ್ಯಾಗೂ ಒಂದು ತೊಟ್ಟಲಾ ತೂಗತೈತ್ರಿ.”

ಶಿವಸಂಗಪ್ಪ ಅವಳ ಕೈ ಹಿಡಿದುಕೊಂಡ. ದೇವರು ಕೊಡದೆ ಉಳಿದದ್ದನ್ನು ಈ ದಾರಿಯಲ್ಲಿ ಕಳಿಸಿದನಲ್ಲ ಎಂದುಕೊಂಡ. ಬಾಯಿಬಿಟ್ಟು ಹೇಳದಿದ್ದದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಮಾದೇವಿ ಇನ್ನೂ ಮುಗಿಸಿರಲಿಲ್ಲ.

“ಇಷ್ಟು ವರ್ಷ ಯಾರಿಗೂ ಏನೂ ಕೇಳಾಕಿ ಅಲ್ಲ ನಾ. ಇವತ್ತ ಕೇಳ್ತೇನಿ. ಚಂದಪ್ಪನ ಮನ್ಯಾಗ ತೊಟ್ಟಲಾ ಐತಿ, ಶಹನಾಜನ ಕಡೆ ತೌಸಿಫನ ಕುಂಚಿಗಿ ಇರತೈತಿ, ಶಿವಲಿಂಗವ್ವನ ಅಳವಿ ಭಾಳ ಚಲೋ. ನಾ ಜಳಕಾ ಮಾಡ್ತೇನಿ, ನೀವು ಹೋಗಿ ಕೇಳಿ ಬರ್ರಿ. ಮೊದಲ ಗುರಲಿಂಗಪ್ಪನ ಅಂಗಡಿ ಮುಚ್ಚೋದ್ರಾಗ ಕಾಲ್ ಕಿಲೋ ಅಂಟು ತರ್ರಿ.”

ಶಿವಸಂಗಪ್ಪ ಹೋದ. ಅಂಗಡಿಯ ಕಟ್ಟೆಯ ಮೇಲೆ ಶಿವಲಿಂಗವ್ವ, ಶಹನಾಜ, ಚಂದಪ್ಪ ಮೂವರೂ ಕುಳಿತು ಮಾದೇವಿಯ ಬಗ್ಗೆಯೇ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅವನನ್ನು ಕಂಡು ಸುಮ್ಮನಾದರು. ಅವನು ಎರಡು ಸಲ ಕೆಮ್ಮಿ, ಅಂಟು ಬೇಕಾಗಿತ್ತು ಅಂದ.

“ಯಾರಿಗ್ರಿ?” ಎಂದ ಗುರಲಿಂಗಪ್ಪ.

“ಬಾಣಂತಿಗೆ.”

ಮೊದಲು ನಕ್ಕವಳು ಶಿವಲಿಂಗವ್ವ. ನಾಳೆ ಬೆಳಿಗ್ಗೆ ಮಾದೇವಿಯೇ ಬಂದು ಹೇಳುವ ತನಕ ಈ ಓಣಿ ಅವನ ಮಾತನ್ನು ನಂಬುವಂತಿರಲಿಲ್ಲ. ಅವರು ನಗುತ್ತ ಒಬ್ಬರ ಮೇಲೊಬ್ಬರು ಒರಗಿದರು, ದಿನವಿಡೀ ಒಳಗೇ ನಿಂತ ದುಃಖವೂ ಆ ನಗೆಯಲ್ಲಿ ಹೋಯಿತು. ಶಿವಸಂಗಪ್ಪ ಖರೆ ಖರೆ ಎಂದಷ್ಟೂ ಅವರಿಗೆ ನಗು ಹೆಚ್ಚಾಯಿತು.

ಗುರಲಿಂಗಪ್ಪ ಕಣ್ಣೊರೆಸಿಕೊಂಡು, ಮಕ್ಕಳ ಸ್ಲೈಮಿಗೆಂದು ಪಕ್ಕದ ಪುಸ್ತಕದ ಅಂಗಡಿಯಿಂದ ಆಗಲೇ ತರಿಸಿಟ್ಟುಕೊಂಡಿದ್ದ ಒಂದು ಬಾಟಲಿಯನ್ನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ತೆಗೆದು ಅವನ ಕೈಯಲ್ಲಿಟ್ಟು ಬೆರಳು ಮುಚ್ಚಿಸಿದ.

“ಮುಂಜಾನೆ ಬಿಚ್ಚಿ ಹೇಳಿದ್ರ ಆಗ ಇದನ್ನ ಕೊಡ್ತಿದ್ನಲ್ರಿ. ರೊಕ್ಕ ಬ್ಯಾಡ. ಮಾದೇವಕ್ಕನ ಮಾರಿ ನೋಡಿ ಕೊಡಾಕತ್ತೇನಿ.”

ಶಿವಸಂಗಪ್ಪ ಬಾಟಲಿಯನ್ನು ಅಂಗಡಿಯ ದೀಪಕ್ಕೆ ಹಿಡಿದು ನೋಡಿದ. ಬಿಳಿ ಅಂಟು. ಮೇಲೆ ಕೆಂಪು ಅಕ್ಷರದಲ್ಲಿ, ಬಾಯಿಗೆ ಹಾಕಬಾರದು ಎಂದು ಬರೆದಿತ್ತು.